ಸೊಂಟ, ಕಾಲು, ಕೀಲು ನೋವು: ಕಾರಣ ಹುಡುಕುವುದು ಹೇಗೆ? ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯವರಿಗೆ ಸಮಗ್ರ ಮಾರ್ಗದರ್ಶಿ

ನಾನು ಗಂಗಾವತಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಬರುವವರಲ್ಲಿ ಜಾಸ್ತಿ ಮಂದಿ ಹೇಳುವುದು ಒಂದೇ ಮಾತು: "ಟೊಂಕದಿಂದ ಅಂಗಾಲಿನ ತನಕ ನೋವು ರೀ, ವಾಯು ಆಗೇತಿ." ವಾಯು ಅಂದ ಮೇಲೆ ಮುಂದೆ ಯಾರೂ ಕೇಳುವುದಿಲ್ಲ. ಅಂಗಡಿಯಿಂದ ಎರಡು ಗುಳಿಗೆ, ವಾರಕ್ಕೊಂದು ಇಂಜೆಕ್ಷನ್. ನೋವು ನಾಲ್ಕು ದಿನ ಅಡಗುತ್ತದೆ, ಮತ್ತೆ ಬರುತ್ತದೆ.

ನಮ್ಮ ಅವ್ವನಿಗೂ ಹೀಗೇ ಆಗಿತ್ತು. ಎರಡು ವರ್ಷ ಬಲ ಮೊಣಕಾಲು ನೋವು ಎನ್ನುತ್ತಿದ್ದಳು. ಮೊಣಕಾಲಿಗೆ ಎಣ್ಣೆ ತಿಕ್ಕಿದೆವು, ಪಟ್ಟಿ ಕಟ್ಟಿದೆವು, ಮೊಣಕಾಲಿಗೇ ಇಂಜೆಕ್ಷನ್ ಮಾಡಿಸಿದೆವು. ಎಕ್ಸ್‌ರೇ ತೆಗೆದದ್ದೂ ಮೊಣಕಾಲಿನದೇ. ಕೊನೆಗೆ ವೈದ್ಯರೊಬ್ಬರು ಅವಳನ್ನು ಅಂಗಾತ ಮಲಗಿಸಿ, ಕಾಲನ್ನು ಮಡಚಿ ಮೆಲ್ಲಗೆ ತಿರುಗಿಸಿದರು. ಅವ್ವ ಚೀರಿದಳು. ಸವೆದಿದ್ದು ಮೊಣಕಾಲಲ್ಲ, ಚಪ್ಪೆಯ ಕೀಲು, ಅಂದರೆ ತೊಡೆ ಎಲುಬು ಬಂದು ಕೂಡುವ ಸೊಂಟದ ಕೀಲು. ಸೊಂಟದ ಕೀಲಿನ ನೋವು ನರದ ಹಾದಿ ಹಿಡಿದು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು. ಕಾಲು ತಿರುಗಿಸಿ ನೋಡಲು ಬೇಕಾದದ್ದು ಎರಡು ನಿಮಿಷ. ನಾವು ಕಳೆದದ್ದು ಎರಡು ವರ್ಷ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಔಷಧ ಹೇಳಲು ಅಲ್ಲ. ವೈದ್ಯರ ಮುಂದೆ ಕೂತಾಗ ನಿಮ್ಮ ನೋವಿನ ಬಗ್ಗೆ ಸರಿಯಾದ ಮಾಹಿತಿ ನಿಮ್ಮ ಕೈಯಲ್ಲಿರಲಿ ಅಂತ.

ಮೊದಲಿಗೆ: ಒಂದು ದಿನವೂ ಕಾಯಬಾರದ ನೋವು

ಕೆಳಗಿನವುಗಳಲ್ಲಿ ಒಂದಿದ್ದರೂ ಈ ಲೇಖನ ಪಕ್ಕಕ್ಕಿಡಿ, 108ಕ್ಕೆ ಫೋನ್ ಮಾಡಿ.

- ವಯಸ್ಸಾದವರು ಜಾರಿ ಬಿದ್ದ ಮೇಲೆ ಕಾಲೂರಲು ಆಗುತ್ತಿಲ್ಲ. ಆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದಂತೆ ಕಾಣುತ್ತದೆ. ಇದು ತೊಡೆ ಎಲುಬಿನ ಕುತ್ತಿಗೆ ಮುರಿದಿರುವ ಲಕ್ಷಣ. ತಿಕ್ಕಬೇಡಿ, ಎಳೆಯಬೇಡಿ, ಎಲುಬು ಕೂಡಿಸುವವರ ಹತ್ತಿರ ಒಯ್ಯಬೇಡಿ.
- ಜ್ವರ ಇದೆ, ಜೊತೆಗೆ ಒಂದು ಕೀಲು ಮಾತ್ರ ಬಿಸಿಯಾಗಿ ಊದಿದೆ, ಅಲ್ಲಾಡಿಸಲು ಬಿಡುತ್ತಿಲ್ಲ. ಕೀಲಿನೊಳಗೆ ಕೀವು ತುಂಬಿರಬಹುದು. ಕೆಲವೇ ದಿನಗಳಲ್ಲಿ ಕೀಲು ಹಾಳಾಗುತ್ತದೆ.
- ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದೆ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆ. ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತಿಲ್ಲ. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿ ಹೋಗಿರಬಹುದು.
- ಒಂದೇ ಕಾಲಿನ ಮೀನಖಂಡ ದಿಢೀರನೆ ಊದಿ ಬಿಗಿದಿದೆ. ಹೆರಿಗೆ, ಆಪರೇಷನ್ ಅಥವಾ ತುಂಬಾ ದಿನ ಹಾಸಿಗೆ ಹಿಡಿದ ನಂತರ ಹೀಗಾದರೆ ರಕ್ತ ಹೆಪ್ಪುಗಟ್ಟಿರುವ ಅನುಮಾನ. ಉಸಿರಾಟಕ್ಕೂ ತೊಂದರೆಯಾದರೆ ಜೀವಕ್ಕೇ ಅಪಾಯ.
- ಕಾಲು ತಣ್ಣಗಾಗಿ ಬಿಳಿಚಿಕೊಂಡಿದೆ, ತಡೆಯಲಾರದ ನೋವು.
- ಮಗುವಿಗೆ ಜ್ವರ, ನಡೆಯಲು ಒಲ್ಲೆ ಎನ್ನುತ್ತದೆ.

ಹಂತ 1: ಒಂದು ಬೆರಳಿಟ್ಟು ನೋವು ತೋರಿಸಿ

ನಮ್ಮ ಮಾತಿನಲ್ಲಿ ಸೊಂಟ, ಟೊಂಕ ಅಂದರೆ ಬೆನ್ನಿನ ಕೆಳಭಾಗವೂ ಹೌದು, ಕುಂಡೆಯೂ ಹೌದು, ಚಪ್ಪೆಯೂ ಹೌದು. ನೀವು "ಸೊಂಟ ನೋವು" ಅಂದರೆ ಕೇಳಿದವರು ಬೆನ್ನಿನ ಎಕ್ಸ್‌ರೇ ಬರೆಯುತ್ತಾರೆ. ತಪ್ಪು ಯಾರದೂ ಅಲ್ಲ, ಪದವೇ ಹಾಗಿದೆ. ಅದಕ್ಕೆ ಅಂಗೈ ಇಟ್ಟು ತೋರಿಸುವುದು ಬಿಟ್ಟು ಒಂದೇ ಬೆರಳಿಟ್ಟು ತೋರಿಸಿ.

ಬೆರಳು ತೊಡೆಸಂದಿಗೆ ಹೋದರೆ, ಅಂದರೆ ಹೊಟ್ಟೆ ಮತ್ತು ತೊಡೆ ಕೂಡುವ ಮಡಿಕೆಗೆ ಹೋದರೆ, ಸೊಂಟದ ಕೀಲಿನ ಮೇಲೆ ಮೊದಲ ಅನುಮಾನ. ಚಕ್ಕಳಮಕ್ಕಳ ಹಾಕಿ ಕೂರುವುದು ಕಷ್ಟವಾಗಿದೆಯೇ? ಚಪ್ಪಲಿ ಹಾಕಿಕೊಳ್ಳಲು, ಕಾಲಿನ ಉಗುರು ಕತ್ತರಿಸಲು ಆಗುತ್ತಿಲ್ಲವೇ? ಇವೂ ಅದೇ ಕೀಲಿನ ದೂರುಗಳು. ವಯಸ್ಸಾದವರಲ್ಲಿ ಇದು ಸವೆತ ಇರಬಹುದು. 30-40ರ ಗಂಡಸರಲ್ಲಿ ಆದರೆ ಇನ್ನೊಂದನ್ನು ನೆನಪಿಡಿ: ತೊಡೆ ಎಲುಬಿನ ತಲೆಗೆ ರಕ್ತ ಹೋಗುವುದು ನಿಂತು ಎಲುಬು ಸಾಯುವುದು. ಎವಿಎನ್ ಅಂತಾರೆ. ವಿಪರೀತ ಕುಡಿತ ಮತ್ತು ಸ್ಟೀರಾಯ್ಡ್ ಔಷಧ ಇದರ ದೊಡ್ಡ ಕಾರಣಗಳು. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣುತ್ತದೆ, ಎಂಆರ್‌ಐನಲ್ಲಿ ಮಾತ್ರ ಗೊತ್ತಾಗುತ್ತದೆ. "ಎಕ್ಸ್‌ರೇದಾಗ ಏನೂ ಇಲ್ಲ" ಅಂತ ಸುಮ್ನೆ ಕೂತವರು ವರ್ಷ ಬಿಟ್ಟು ಕುಂಟುತ್ತಾ ಬಂದಿದ್ದನ್ನು ನೋಡಿದ್ದೇನೆ.

ಬೆರಳು ಚಪ್ಪೆಯ ಹೊರಮಗ್ಗುಲಿಗೆ ಹೋದರೆ, ಆ ಕಡೆ ಮಗ್ಗುಲಾಗಿ ಮಲಗಲು ಆಗದಿದ್ದರೆ, ಅದು ಹೆಚ್ಚಾಗಿ ಅಲ್ಲಿನ ಸ್ನಾಯುವಿನ ಬುಡದ ಉರಿಯೂತ. ಕಾಡುತ್ತದೆ, ಆದರೆ ಅಪಾಯವಿಲ್ಲ. ವ್ಯಾಯಾಮಕ್ಕೆ ಬಗ್ಗುತ್ತದೆ.

ಕುಂಡೆಯಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ ಕರೆಂಟ್ ಹೊಡೆದಂತೆ ಸೆಳೆಯುತ್ತದೆಯೇ? ಜೋಮು ಹಿಡಿಯುತ್ತದೆಯೇ? ಕೆಮ್ಮಿದರೆ, ಸೀನಿದರೆ ಜಾಸ್ತಿಯೇ? ಅದು ಬೆನ್ನಿನ ನರ ಒತ್ತಿದ ನೋವು, ಸಯಾಟಿಕಾ. ಅಕ್ಕಿ ಗಿರಣಿಯ ಹಮಾಲರಲ್ಲಿ ಇದನ್ನು ತುಂಬಾ ನೋಡುತ್ತೇನೆ.

ಮೊಣಕಾಲಿನ ಸವೆತ ಎಲ್ಲರಿಗೂ ಗೊತ್ತಿರುವುದೇ. ಮೆಟ್ಟಿಲು ಇಳಿಯುವಾಗ, ಕುಕ್ಕರುಗಾಲಿನಲ್ಲಿ ಕೂತು ಏಳುವಾಗ ಜಾಸ್ತಿ. ಆದರೆ ಮೊಣಕಾಲಿನ ಎಕ್ಸ್‌ರೇಗೂ ನೋವಿಗೂ ತಾಳೆಯಾಗದಿದ್ದರೆ ಸೊಂಟದ ಕೀಲನ್ನೂ ನೋಡಿ ಎಂದು ನೀವೇ ಕೇಳಿ. ಕೇಳಲು ಸಂಕೋಚ ಬೇಡ.

ಹಂತ 2: ನೋವು ಯಾವ ಹೊತ್ತಿಗೆ ಬರುತ್ತದೆ?

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸುಳಿವು ಕೊಡುವ ಪ್ರಶ್ನೆ.

ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುತ್ತದೆ, ಆದರೆ ಹತ್ತು ಹದಿನೈದು ನಿಮಿಷ ಓಡಾಡಿದರೆ ಸಡಿಲಾಗುತ್ತದೆ, ಸಂಜೆ ದುಡಿದು ಬಂದ ಮೇಲೆ ನೋವು ಹೆಚ್ಚುತ್ತದೆ. ಇದು ಸವೆತದ ರೀತಿ. ಬೆಳಗಿನ ಬಿಗಿತ ಒಂದು ತಾಸು ಬಿಡುವುದೇ ಇಲ್ಲ, ರೊಟ್ಟಿ ಬಡಿಯಲು ಬೆರಳು ಮಡಚುವುದಿಲ್ಲ, ಹೊತ್ತು ಏರಿದಂತೆ ಸ್ವಲ್ಪ ಹಗುರ. ಇದು ಉರಿಯೂತದ ರೀತಿ. ಎರಡಕ್ಕೂ ಔಷಧ ಬೇರೆ, ಹಾದಿ ಬೇರೆ.

ಹರೆಯದ ಹುಡುಗರಲ್ಲಿ ಒಂದು ಕಾಯಿಲೆ ವರ್ಷಗಟ್ಟಲೆ ತಪ್ಪಿಸಿಕೊಳ್ಳುತ್ತದೆ. 45ರೊಳಗೆ ಶುರುವಾದ ಬೆನ್ನು ಮತ್ತು ಕುಂಡೆ ನೋವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ. ಬೆಳಗಿನ ಜಾವ ನೋವಿಗೇ ಎಚ್ಚರ. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನೆಲುಬಿನ ಕೀಲುಗಳ ಉರಿಯೂತ ಇರಬಹುದು. "ಬೈಕ್ ಓಡಿಸಿ ಬೆನ್ನು ಹಿಡಿದಿದೆ" ಅಂತ ವಿಶ್ರಾಂತಿ ಹೇಳಿದರೆ ಇವರಿಗೆ ಇನ್ನೂ ಕೆಡುಕು.

ನಡೆದಾಗ ಮೀನಖಂಡ ಹಿಡಿದು ನಿಲ್ಲಲೇಬೇಕು, ಎರಡು ನಿಮಿಷ ನಿಂತರೆ ಹೋಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ ಅಂದರೆ ಕೀಲಿನ ಮಾತಲ್ಲ, ರಕ್ತನಾಳದ್ದು. ಬೀಡಿ ಸೇದುವವರು, ಶುಗರ್ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೀಡಿ ಬಿಡದಿದ್ದರೆ ಬೆರಳು, ಪಾದ ಕತ್ತರಿಸುವ ತನಕ ಹೋಗಬಹುದು. ರಾತ್ರಿ ಅಂಗಾಲು ಉರಿಯುವುದು, ಇರುವೆ ಹರಿದಂತಾಗುವುದು ಶುಗರ್‌ನಿಂದ ನರ ಕೆಟ್ಟಿರುವ ಸೂಚನೆ ಇರಬಹುದು.

ಹಂತ 3: ಎಷ್ಟು ಕೀಲು, ಯಾವ ಕೀಲು?

ಎಣಿಸಿ. ಎರಡೂ ಕೈಯ ಬೆರಳಿನ ಬುಡದ ಗಂಟು, ಮಣಿಕಟ್ಟು, ಪಾದದ ಸಣ್ಣ ಕೀಲು ಒಟ್ಟಿಗೇ ಊದಿ, 6 ವಾರ ದಾಟಿದರೆ ಅದು ರುಮಟಾಯ್ಡ್ ಸಂದಿವಾತ ಇರಬಹುದು. ಹೆಂಗಸರಲ್ಲಿ ಹೆಚ್ಚು. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ದಿನಾ ನುಂಗಿದರೆ ಜೀವ ಹೋಗಬಹುದು. ಓದಲು ಬಾರದ ಹಿರಿಯರಿಗೆ ವಾರ ಗುರುತು ಮಾಡಿ ಮನೆಯವರೇ ಕೊಡಿ.

ಕಾಲಿನ ಹೆಬ್ಬೆರಳೊಂದೇ ರಾತ್ರೋರಾತ್ರಿ ಕೆಂಪಗೆ ಊದಿ ಹೊದಿಕೆ ತಾಗಿದರೂ ನೋವಾದರೆ ಗೌಟ್ ಇರಬಹುದು, ಅಂದರೆ ಯೂರಿಕ್ ಆಸಿಡ್ ಹರಳು ಕೀಲಿನಲ್ಲಿ ಕೂರುವ ಕಾಯಿಲೆ. ಮಕ್ಕಳಿಗೆ ಗಂಟಲು ನೋವಾಗಿ ಎರಡು ಮೂರು ವಾರದ ಮೇಲೆ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತಿದ್ದರೆ ತಡಮಾಡದೆ ತೋರಿಸಿ. ಅದು ರುಮ್ಯಾಟಿಕ್ ಜ್ವರ ಇದ್ದರೆ ಹೃದಯದ ಕವಾಟಕ್ಕೆ ಪೆಟ್ಟು. ಮಗು ತಿಂಗಳಾನುಗಟ್ಟಲೆ ಕುಂಟುತ್ತಿದೆ, ತೂಕ ಇಳಿದಿದೆ, ಸಂಜೆ ಮೈ ಬಿಸಿ ಎಂದರೆ ಸೊಂಟದ ಕೀಲಿನ ಕ್ಷಯವನ್ನೂ ನೋಡಬೇಕು. ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹಂತ 4: ನೀರು, ಬಿಸಿಲು, ಕುರಿ, ಕೆಸರು ಮತ್ತು ಸೊಳ್ಳೆ

ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಇದೇ ಮುಖ್ಯ.

ಮೊದಲು ನೀರು. ನಮ್ಮ ಮೂರೂ ಜಿಲ್ಲೆಯ ನೆಲದಡಿ ಗ್ರಾನೈಟ್ ಬಂಡೆ ಇದೆ. ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಸೇರಿಕೊಳ್ಳುತ್ತದೆ. ಕುತ್ತಿಗೆ, ಬೆನ್ನು, ಸೊಂಟ, ಮೊಣಕಾಲು ನೋಯುತ್ತವೆ, ಬಿಗಿಯುತ್ತವೆ. ನೋಡಿದರೆ ಸಂದಿವಾತದಂತೆಯೇ ಇರುತ್ತದೆ. ಗುಳಿಗೆ ನುಂಗುತ್ತಾ ಅದೇ ನೀರು ಕುಡಿಯುತ್ತಿದ್ದರೆ ಎಂದಾದರೂ ಕಡಿಮೆಯಾದೀತೇ?

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಮೊಣಕಾಲು ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿ. ಗದ್ದವನ್ನು ಎದೆಗೆ ತಾಗಿಸಿ. ಕೈ ಪಕ್ಕಕ್ಕೆ ಚಾಚಿ, ಮಡಚಿ, ತಲೆಯ ಹಿಂಭಾಗ ಮುಟ್ಟಿ. ಇವು ಆಗದಿದ್ದರೆ, ಊರಿನ ಮಕ್ಕಳ ಹಲ್ಲಿನಲ್ಲಿ ಅಡ್ಡಡ್ಡ ಹಳದಿ, ಕಂದು ಗೆರೆಗಳಿದ್ದರೆ, ಫ್ಲೋರೋಸಿಸ್ ಅನುಮಾನ ಗಟ್ಟಿ. ಒಂದು ಮಾತು: ಹಲ್ಲು ಹುಟ್ಟುವ ವಯಸ್ಸಿನಲ್ಲಿ ಆ ನೀರು ಕುಡಿದವರಿಗಷ್ಟೇ ಹಲ್ಲಿಗೆ ಬಣ್ಣ ಬರುತ್ತದೆ. ಮದುವೆಯಾಗಿ ಈ ಊರಿಗೆ ಬಂದ ಸೊಸೆಯ ಹಲ್ಲು ಬೆಳ್ಳಗಿದ್ದರೂ ಎಲುಬು ಕೆಟ್ಟಿರಬಹುದು. ಮೂತ್ರದಲ್ಲಿ ಫ್ಲೋರೈಡ್ ಪರೀಕ್ಷೆ ಮತ್ತು ಮುಂಗೈಯ ಎಕ್ಸ್‌ರೇ ಖಚಿತಪಡಿಸಲು ನೆರವಾಗುತ್ತವೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನದಿ, ಕಾಲುವೆಯಿಂದ ಶುದ್ಧಗೊಳಿಸಿ ಕೊಡುವ ನೀರು, ಮಳೆ ನೀರು, ಅಥವಾ ಸರಿಯಾಗಿ ನಡೆಯುತ್ತಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ಘಟಕದ ಫಿಲ್ಟರ್ ಯಾವಾಗ ಬದಲಿಸಿದ್ದಾರೆ ಎಂದು ಪಂಚಾಯಿತಿಯಲ್ಲಿ ಕೇಳಿ. ಕುಡಿಯಲು ಮಾತ್ರ ಅಲ್ಲ, ಬೇಳೆ ಬೇಯಿಸಲು, ಅನ್ನಕ್ಕೆ, ಚಹಾಕ್ಕೂ ಅದೇ ನೀರು ಬೇಕು. ಕಪ್ಪು ಉಪ್ಪು ಮತ್ತು ಕಡು ಚಹಾದಲ್ಲೂ ಫ್ಲೋರೈಡ್ ಇರುತ್ತದೆ, ಕಡಿಮೆ ಮಾಡಿ. ಹಾಲು, ಮೊಸರು, ರಾಗಿ, ಎಳ್ಳು, ನುಗ್ಗೆಸೊಪ್ಪು, ನಿಂಬೆಹಣ್ಣು ಊಟದಲ್ಲಿರಲಿ. ಬಿಗಿದ ಎಲುಬನ್ನು ಪೂರ್ತಿ ಹಿಂದಕ್ಕೆ ತರುವ ಔಷಧ ಇಲ್ಲ. ಆದರೆ ಶುರುವಿನಲ್ಲೇ ನೀರು ಬದಲಿಸಿದರೆ ನೋವು ಇಳಿಯುತ್ತದೆ.

ಇನ್ನು ಬಿಸಿಲು. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಾಗಂತ ವಿಟಮಿನ್ ಡಿ ಎಲ್ಲರಿಗೂ ಸಿಗುತ್ತಿದೆ ಎಂದುಕೊಳ್ಳಬೇಡಿ. ಬಿಸಿಲಿಗೆ ಅಂಜಿಯೇ ನಾವು ಒಳಗಿರುತ್ತೇವೆ, ಹೊರಗೆ ಹೋದರೆ ಮೈ ತುಂಬಾ ಮುಚ್ಚಿಕೊಳ್ಳುತ್ತೇವೆ. ಬಳ್ಳಾರಿಯ ಜೀನ್ಸ್ ಹೊಲಿಯುವವರು ಇಡೀ ದಿನ ಶೆಡ್ಡಿನೊಳಗೆ. ಈ ಕೊರತೆ ಹೆಚ್ಚಾದರೆ ಎಲುಬು ಮೆತ್ತಗಾಗುತ್ತದೆ. ಸೊಂಟ, ತೊಡೆ, ಪಕ್ಕೆಲುಬು ಒತ್ತಿದರೆ ನೋವು. ನೆಲದಿಂದ ಏಳಲು ಕೈಯೂರಬೇಕು. ನಡಿಗೆ ಬಾತುಕೋಳಿಯಂತೆ ಓಲಾಡುತ್ತದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 20 ng/mlಗಿಂತ ಕಡಿಮೆ ಇದ್ದರೆ ಕೊರತೆ ಎನ್ನುತ್ತಾರೆ. ವಾರಕ್ಕೊಂದು 60,000 ಯೂನಿಟ್‌ನ ಪುಡಿ ಬರೆದರೆ ಹೇಳಿದಷ್ಟೇ ವಾರ ತೆಗೆದುಕೊಳ್ಳಿ. ಚೆನ್ನಾಗಿದೆ ಅಂತ ನೀವೇ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆ.

ಕುರಿ, ಆಡು ಸಾಕುವ ಮನೆಯವರು ಇದನ್ನು ಎರಡು ಸಲ ಓದಿ. ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತಿದ್ದೀರಾ? ಹಸಿ ಹಾಲು ಕುಡಿದಿದ್ದೀರಾ? ಆಮೇಲೆ ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕುಂಡೆಯ ಕೀಲಿನ ನೋವು ಇದ್ದರೆ ಬ್ರುಸೆಲ್ಲೋಸಿಸ್, ಅಂದರೆ ಕುರಿ, ಆಡುಗಳಿಂದ ಮನುಷ್ಯರಿಗೆ ಹರಡುವ ಸೋಂಕು ಇರಬಹುದು. ವೈದ್ಯರು ಕೇಳದಿದ್ದರೂ "ನಾವು ಕುರಿ ಸಾಕುತ್ತೇವೆ" ಎಂದು ನೀವೇ ಹೇಳಿ. ಆ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಆಗುತ್ತದೆ. ಔಷಧ ಕನಿಷ್ಠ 6 ವಾರ, ನಡುವೆ ಬಿಟ್ಟರೆ ಮರಳಿ ಬರುತ್ತದೆ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ನಾಟಿ ಹಚ್ಚುವವರಿಗೆ ಸೊಂಟ ನೋವು ಬಗ್ಗಿದ್ದರಿಂದಲೇ ಇರಬಹುದು. ಆದರೆ ಕೆಸರಿನಲ್ಲಿ ದುಡಿದ ಒಂದೆರಡು ವಾರದಲ್ಲಿ ಜೋರು ಜ್ವರ, ಕೆಂಪು ಕಣ್ಣು, ಮುಟ್ಟಿದರೆ ಸಾಕು ನೋಯುವ ಮೀನಖಂಡ ಇದ್ದರೆ ಇಲಿಜ್ವರ ಎಂದು ಅನುಮಾನಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಚಿಕೂನ್‌ಗುನ್ಯಾ ನಮಗೆ ಹೊಸದಲ್ಲ. 2006ರಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಮಂದಿ ಗೋಡೆ ಹಿಡಿದು ನಡೆದದ್ದು ಹಿರಿಯರಿಗೆ ನೆನಪಿದೆ. ಹೆಸರು ಕೇಳಿ ಕೋಳಿ ತಿನ್ನುವುದನ್ನೇ ಬಿಟ್ಟವರಿದ್ದರು. ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಪದಕ್ಕೆ ಮೈ ಬಾಗಿಸುವುದು ಎಂಬರ್ಥ. ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಇದನ್ನು ಹರಡುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಡ್ರಮ್ಮು, ತೊಟ್ಟಿಗಳೇ ಅದರ ತವರು. ಮುಚ್ಚಿಡಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ. ಜ್ವರ ಒಂದು ವಾರದಲ್ಲಿ ಹೋದರೂ ಹರಡು, ಮಣಿಕಟ್ಟು, ಬೆರಳಿನ ನೋವು ತಿಂಗಳುಗಟ್ಟಲೆ ಉಳಿಯಬಹುದು. ಡೆಂಗಿ ಅಲ್ಲ ಎಂದು ಖಚಿತವಾಗುವ ತನಕ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ, ರಕ್ತಸ್ರಾವದ ಅಪಾಯವಿದೆ.

ಹಂತ 5: ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಹರವಿಕೊಳ್ಳಿ

ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬಣ್ಣದ ಗುಳಿಗೆ, "ಒಂದೇ ದಿನದಲ್ಲಿ ಎಬ್ಬಿಸಿ ಕೂರಿಸುತ್ತದೆ" ಎಂಬ ಮದ್ದು. ಇವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಭವ ಇದೆ. ಮುಖ ದುಂಡಗಾಗಿದೆಯೇ? ಹೊಟ್ಟೆ ಬಂದಿದೆಯೇ? ಇದ್ದಕ್ಕಿದ್ದಂತೆ ಶುಗರ್ ಏರಿದೆಯೇ? ಹಾಗಿದ್ದರೆ ಆ ಪುಡಿಯನ್ನು ವೈದ್ಯರಿಗೆ ತೋರಿಸಿ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ರಕ್ತದೊತ್ತಡ ಕುಸಿಯಬಹುದು. ಇಳಿಸುತ್ತಾ ಬಿಡಬೇಕು.

ಡೈಕ್ಲೋಫೆನಾಕ್‌ನಂಥ ಗುಳಿಗೆಯೂ ದಿನಾ ನುಂಗುವಂಥದ್ದಲ್ಲ. ಹೊಟ್ಟೆಯಲ್ಲಿ ಹುಣ್ಣು, ಬಿಪಿ ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು. ನಮ್ಮ ಬೇಸಿಗೆಯಲ್ಲಿ ಬೆವರಿ, ನೀರು ಕುಡಿಯದೆ, ಮೇಲಿಂದ ಈ ಗುಳಿಗೆ ನುಂಗಿದರೆ ಮೂತ್ರಪಿಂಡಕ್ಕೆ ಎರಡು ಪಟ್ಟು ಹೊರೆ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಗುಳಿಗೆಯಿಂದ ಕೆಲವರಿಗೆ ತೊಡೆಯ ಸ್ನಾಯು ನೋಯುತ್ತದೆ. ಅದನ್ನೂ ನೀವೇ ಬಿಡಬೇಡಿ, ಕೇಳಿ ಬದಲಿಸಿ.

ಹಂತ 6: ಪರೀಕ್ಷೆಯ ಚೀಟಿ ಓದುವಾಗ

ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿದ್ದ ಮಾತ್ರಕ್ಕೆ ಗೌಟ್ ಅಲ್ಲ. ಬೇಳೆ, ಟೊಮೆಟೊ ಬಿಟ್ಟು ಸೊರಗಬೇಡಿ. ರುಮಟಾಯ್ಡ್ ಸಂದಿವಾತಕ್ಕೆ ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ಪಾಸಿಟಿವ್ ಎಂದರೆ ಆ ಕಾಯಿಲೆ ಎಂದೇ ಅರ್ಥವಲ್ಲ, ಆರೋಗ್ಯವಂತರಲ್ಲೂ ಬರುತ್ತದೆ. ನೆಗೆಟಿವ್ ಇದ್ದರೂ ಕಾಯಿಲೆ ಇರಬಹುದು. ಅದೇ ಕಾಯಿಲೆಯ ಇನ್ನೊಂದು ರಕ್ತಪರೀಕ್ಷೆ ಆಂಟಿ-ಸಿಸಿಪಿಯನ್ನು ಜೊತೆಗಿಟ್ಟು ನೋಡಬೇಕು. ಇಎಸ್‌ಆರ್, ಸಿಆರ್‌ಪಿ ಮೈಯಲ್ಲಿ ಉರಿಯೂತ ಇದೆ ಎಂದಷ್ಟೇ ಹೇಳುತ್ತವೆ. ಮೈಯೆಲ್ಲ ನೋವು, ಸುಸ್ತು, ತೂಕ ಏರಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಬಿಡಬೇಡಿ. ಶುಗರ್ ಅಂತೂ ಬೇಕೇ ಬೇಕು.

ಹಂತ 7: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮುಂದೆ ಕಳಿಸಿದರೆ ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ನಾಟಿ, ಪೆಟ್ಟು, ಬಗ್ಗಿದ್ದರಿಂದ ಬಂದ ನೋವಾದರೆ ಎರಡು ವಾರ ಭಾರ ಎತ್ತುವುದು ಕಡಿಮೆ ಮಾಡಿ, ಬಿಸಿನೀರಿನ ಶಾಖ ಕೊಡಿ, ಮೆಲ್ಲಗೆ ನಡೆಯುತ್ತಿರಿ. ಹಾಸಿಗೆ ಹಿಡಿದು ಮಲಗಬೇಡಿ. ಎರಡು ವಾರಕ್ಕೂ ಇಳಿಯದಿದ್ದರೆ ತೋರಿಸಿ.

ವೈದ್ಯರಿಗೆ ಸಿಗುವ ಸಮಯ ಕೆಲವೇ ನಿಮಿಷ. ಅದಕ್ಕೆ ನನ್ನ ಬಳಿ ಬರುವವರಿಗೆಲ್ಲ ಒಂದು ಚೀಟಿ ಬರೆಸಿ ಕಳಿಸುತ್ತೇನೆ. ಅವ್ವನ ಕೈಯಲ್ಲಿ ಆಗ ಇಂಥದ್ದು ಇರಬೇಕಿತ್ತು:

"ಹೆಂಗಸು, 61 ವರ್ಷ. ಬಲ ಮೊಣಕಾಲು ಮತ್ತು ಬಲ ತೊಡೆಸಂದು ನೋವು, 8 ತಿಂಗಳಿಂದ. ಬೆಳಿಗ್ಗೆ 10 ನಿಮಿಷ ಬಿಗಿತ, ಸಂಜೆ ಜಾಸ್ತಿ. ಚಕ್ಕಳಮಕ್ಕಳ ಕೂರಲು ಆಗುವುದಿಲ್ಲ. ಜ್ವರ ಇಲ್ಲ, ಬಿದ್ದಿಲ್ಲ, ತೂಕ ಇಳಿದಿಲ್ಲ. ಬೇರೆ ಕೀಲು ಊದಿಲ್ಲ. 30 ವರ್ಷದಿಂದ ಬೋರ್‌ವೆಲ್ ನೀರು. ಮನೆಯಲ್ಲಿ ಕುರಿ ಇವೆ, ಹಾಲು ಕಾಯಿಸಿಯೇ ಕುಡಿಯುತ್ತೇವೆ. ಬಿಪಿ ಇದೆ, ಶುಗರ್ ಇಲ್ಲ. ತಿನ್ನುತ್ತಿರುವ ಗುಳಿಗೆಗಳೆಲ್ಲ ಈ ಚೀಲದಲ್ಲಿವೆ. ದಯವಿಟ್ಟು ಸೊಂಟದ ಕೀಲನ್ನೂ ಒಮ್ಮೆ ತಿರುಗಿಸಿ ನೋಡಿ."